ಪೂವಪ್ಪಣ್ಣನ ಎರಡನೇ ತೆನೆ

ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು, ನಾಲ್ಕು ಜನರ ಎದುರು ಒಬ್ಬರ ಮಾತನ್ನು ತಿದ್ದಿ, ಆಮೇಲೆ ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡದ್ದು ನಿಮಗೆ ಯಾರಿಗಾದರೂ ಆಗಿದೆಯಾ? ಆಗಲೇ ಇಲ್ಲ ಎನ್ನುವವರು ಒಂದೋ ಭಾರೀ ಪುಣ್ಯವಂತರು, ಇಲ್ಲದಿದ್ದರೆ ಸುಳ್ಳು ಹೇಳುವವರು. ನನಗೆ ಆಗಿದೆ. ನಾನು ಬಾಯಿ ಜೋರಿನ ಹೆಂಗಸು. ನನ್ನನ್ನು ಇಲ್ಲಿ ಓದುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ತೆನೆ ಹಬ್ಬ. ಮಾತೆ ಮರಿಯಳ ಹುಟ್ಟುಹಬ್ಬದ ದಿನ ನಮ್ಮ ಚರ್ಚಿನಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಪ್ರತಿ ಮನೆಗೂ ಕೊಡುತ್ತಾರೆ. ಕೊಡೆ ಒಂದು ಕೈಯಲ್ಲಿ, ತೆನೆ ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ಆ ವಾಸನೆ ಮೂಗಿಗೆ ಬಂತು. ಹಸಿ ತೆನೆಯ ವಾಸನೆ ಅರ್ಧ ಹಾಲಿನದು, ಅರ್ಧ ಹುಲ್ಲಿನದು. ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಹಿಂದಿನವರು "ಎಂತ ಲಿಲ್ಲಿಬಾಯಿ, ಕಾಲು ನೋವಾ?" ಎಂದರು. ಕಾಲು ಸರಿಯಾಗಿಯೇ ಇತ್ತು. ನನಗೆ ಜಾಲ್ಸೂರಿನ ಆ ಕೋಣೆ ನೆನಪಾಗಿತ್ತು.

ಆ ಕೋಣೆ ಈಗ ಇಲ್ಲ. ರಸ್ತೆಯ ಕೆಲಸಕ್ಕೆ ಅದನ್ನು ಕೆಡವಿದ್ದಾರೆ. ಆದರೆ ಲಾಕ್‌ಡೌನ್ ಎಲ್ಲ ಮುಗಿದ ಮೇಲಿನ ಆ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಅದರ ಬಾಗಿಲು ತೆರೆಯುತ್ತಿದ್ದದ್ದು ನಾನು.

ಶುರುವಾದದ್ದು ಹೀಗೆ. ನಮ್ಮ ಆಗಿನ ಫಾದರ್ ಒಂದು ದಿನ ನನ್ನ ಟೈಲರಿಂಗ್ ಅಂಗಡಿಗೆ ಬಂದು ಸುಮ್ಮನೆ ಕೂತರು. ಹೊಲಿಯಲಿಕ್ಕೆ ಏನೂ ತಂದಿರಲಿಲ್ಲ.

"ಲಿಲ್ಲಿಬಾಯಿ, ಜಾಲ್ಸೂರು ಜಂಕ್ಷನ್‌ನ ಬಸ್‌ಸ್ಟ್ಯಾಂಡ್ ನೋಡಿದ್ದೀರಾ?"

"ದಿನಾ ನೋಡುದೇ ಅಲ್ವಾ ಫಾದರ್?"

"ಅಲ್ಲಿ ಕೂತವರಲ್ಲಿ ನಾಲ್ಕೈದು ಜನ ಯಾವ ಬಸ್ಸಿಗೂ ಹತ್ತುದಿಲ್ಲ. ಗಮನಿಸಿದ್ದೀರಾ?"

ನಾನು ಗಮನಿಸಿರಲಿಲ್ಲ. ಮರುದಿನ ಹೋಗಿ ನಿಂತು ನೋಡಿದೆ. ಕಾಸರಗೋಡಿನ ಬಸ್ಸು ಬಂತು, ಸುಳ್ಯದ್ದು ಬಂತು, ಪುತ್ತೂರಿನದ್ದೂ ಬಂತು. ಅವರು ಏಳಲಿಲ್ಲ. ಬೆಳಿಗ್ಗೆ ಬಂದು ಸಂಜೆಯವರೆಗೆ ಕೂತು ಎದ್ದು ಹೋಗುತ್ತಿದ್ದರು. ನಾಲ್ಕು ಜನರ ನಡುವೆ ಇರಬೇಕು, ಅಷ್ಟೇ ಅವರಿಗೆ ಬೇಕಾದದ್ದು.

ನಮ್ಮ ಚರ್ಚಿನವರೊಬ್ಬರು ಜಂಕ್ಷನ್ ಹಿಂದಿನ ತಮ್ಮ ಹಳೆಯ ಗೊಬ್ಬರದ ಗೋಡೌನನ್ನು ಬಿಟ್ಟುಕೊಟ್ಟರು. ನಾಲ್ಕು ಸಲ ತೊಳೆದರೂ ಯೂರಿಯಾ ವಾಸನೆ ಹೋಗಲಿಲ್ಲ. ಹತ್ತು ಕುರ್ಚಿ, ಒಂದು ಬೆಂಚು, ಗ್ಯಾಸ್ ಒಲೆ, ಗೋಡೆಯಲ್ಲಿ ಒಂದು ಶಿಲುಬೆ. ನಾನು ನನ್ನ ಹೊಲಿಗೆ ಮೆಷಿನನ್ನೂ ಅಲ್ಲಿಗೇ ತಂದೆ. ಬಂದವರಿಗೆ ಚಾ, ಮಧ್ಯಾಹ್ನ ಗಂಜಿ ಚಟ್ನಿ. ಮಾತು ಬೇಕಾದವರಿಗೆ ಮಾತು, ಬೇಡದವರಿಗೆ ಕಿಟಕಿ. ಸಂಜೆ ಬಾಗಿಲು ಹಾಕುವ ಮೊದಲು ನಾನು ಐದು ನಿಮಿಷ ಪ್ರಾರ್ಥನೆ ಮಾಡುತ್ತಿದ್ದೆ. ಕೂರುವವರು ಕೂರಬಹುದಿತ್ತು, ಹೋಗುವವರು ಹೋಗಬಹುದಿತ್ತು.

ಊರು ಸುಮ್ಮನಿರುತ್ತದಾ? ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿಯವರು ಬಾಯಮ್ಮ ಎಂದೇ ಕರೆಯುವುದು. ಮೊದಲ ವಾರವೇ ಒಬ್ಬರು ಬಾಗಿಲಲ್ಲಿ ನಿಂತು ಕೇಳಿದರು. "ಬಾಯಮ್ಮ, ಇಲ್ಲಿ ಚಾ ಕುಡಿದ್ರೆ ನಿಮ್ಮ ಜಾತಿಗೆ ಸೇರ್ಬೇಕಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪದ್ಮಕ್ಕ ಉತ್ತರ ಕೊಟ್ಟಳು. "ಇವರ ಚಾ ಒಮ್ಮೆ ಕುಡ್ದು ನೋಡಿ ಮಾರಾಯ್ರೆ. ಸೇರುದು ಬಿಡಿ, ನಾಳೆ ನೀವು ಈ ಕಡೆ ತಲೆ ಹಾಕುದಿಲ್ಲ."

ಪದ್ಮಕ್ಕ ಬೀಡಿ ಕಟ್ಟುವವಳು. ಗಂಡ ತೀರಿಹೋಗಿ, ಮಗಳು ಮದುವೆಯಾಗಿ ಹೋಗಿ, ಮನೆಯಲ್ಲಿ ಅವಳೂ ಒಂದು ಬೆಕ್ಕೂ. ಎಲೆ, ಹೊಗೆಸೊಪ್ಪಿನ ಹುಡಿ ತುಂಬಿದ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆ ಹತ್ತಕ್ಕೆ ಬಂದು ಕೂತರೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಅವಳಿಲ್ಲದಿದ್ದರೆ ಆ ಕೋಣೆ ಎರಡನೇ ವಾರಕ್ಕೇ ಮುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿಕೊಂಡಿರಲಿಲ್ಲ.

ಊರಿನ ಬಾಯಿ ಮುಚ್ಚಿಸಲಿಕ್ಕೆಂದೇ ಫಾದರ್ ಒಂದು ನಿಯಮ ಮಾಡಿದ್ದರು. ಬಂದವರನ್ನು ಏನೂ ಕೇಳಬಾರದು. ಹೆಸರು ಕೇಳಬಾರದು, ಜಾತಿ ಕೇಳಬಾರದು, ಮನೆಯಲ್ಲಿ ಯಾರಿದ್ದಾರೆ, ಯಾಕೆ ಬಂದಿರಿ, ಏನು ಕಾಯಿಲೆ, ಯಾವುದೂ ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು. ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಆದರೂ ಮೂರು ತಿಂಗಳು ಪಾಲಿಸಿದೆ. ಸ್ವಲ್ಪ ಜಂಬವೂ ಬಂದಿತ್ತು.

ಪೂವಪ್ಪಣ್ಣ ಬಂದದ್ದು ಜೂನ್‌ನ ಮೊದಲ ಜೋರು ಮಳೆಗೆ. ಸುಳ್ಯದ ಕಡೆಯ ಗೌಡರು, ತಮ್ಮಷ್ಟಕ್ಕೆ ಗೊಣಗುವಾಗ ಅವರ ಮನೆಮಾತು ಅರೆಭಾಷೆ, ನಮ್ಮ ಹತ್ತಿರ ಕನ್ನಡ. ಅರುವತ್ತರ ಹತ್ತಿರದ ವಯಸ್ಸು. ಮಳೆಗಾಲದಲ್ಲಿ ಕೊಡೆ ರಿಪೇರಿ, ಉಳಿದ ದಿನಗಳಲ್ಲಿ ಸಿಕ್ಕಿದ ಕೂಲಿ. ಅವರು ಕೂರುತ್ತಿದ್ದ ಅಂಗಡಿಯ ಜಗಲಿಗೆ ಅಂಗಡಿಯವರು ಶಟರ್ ಹಾಕಿಸಿದ್ದರಿಂದ ತಗಡಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ನಾಲ್ಕು ದಿನ ಹೊಸ್ತಿಲು ದಾಟಲಿಲ್ಲ.

"ಒಳಗೆ ಬನ್ನಿ ಪೂವಪ್ಪಣ್ಣ, ಒದ್ದೆ ಆಗ್ತದೆ."

"ಇಲ್ಲಿ ಬೆಳಕು ಉಂಟು ಬಾಯಮ್ಮ."

ಐದನೆಯ ದಿನ ಗಾಳಿಮಳೆ ಅಡ್ಡಕ್ಕೆ ಹೊಡೆದು ಅವರ ಬೆನ್ನು, ಪೆಟ್ಟಿಗೆ ಎಲ್ಲ ತೊಪ್ಪೆಯಾಯಿತು. ಎದ್ದು ಒಳಗೆ ಬಂದರು. ಆಮೇಲೆ ಬಾಗಿಲ ಹತ್ತಿರದ ಕುರ್ಚಿ ಅವರದ್ದಾಯಿತು. ಎಲ್ಲರ ಕೊಡೆ ಸರಿ ಮಾಡಿಕೊಡುತ್ತಿದ್ದರು, ತಾವು ಕುಡಿದ ಗ್ಲಾಸನ್ನು ತಾವೇ ತೊಳೆಯುತ್ತಿದ್ದರು. ಒಂದು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಪದ್ಮಕ್ಕ ಎಷ್ಟು ಕೆಣಕಿದರೂ ಒಂದು ಸಣ್ಣ ನಗು, ಅಷ್ಟೇ. ಒಬ್ಬರೇ ಇರುವವರು, ಮದುವೆ ಆಗಲಿಲ್ಲ, ಜಂಕ್ಷನ್ ಹಿಂದೆ ಲೈನ್ ಮನೆಯಲ್ಲಿ ಒಂದು ರೂಮು. ಇಷ್ಟು ನಮಗೆಲ್ಲ ಗೊತ್ತಿತ್ತು. ಅಂದರೆ ಗೊತ್ತಿದೆ ಎಂದುಕೊಂಡಿದ್ದೆವು.

ಆಗಸ್ಟ್ ಕೊನೆಗೆ ಫಾದರ್ ಹೇಳಿದರು, "ಈ ಸಲ ಆ ಕೋಣೆಯೂ ಚರ್ಚಿನ ಲೆಕ್ಕದಲ್ಲಿ ಒಂದು ಮನೆ. ಅಲ್ಲಿಗೆ ಎಷ್ಟು ತೆನೆ ಬೇಕು ಅಂತ ಕೇಳಿ ಹೇಳಿ."

ನಮ್ಮ ಚರ್ಚಿನ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಮನೆಗೆ ತಂದು ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಎಲ್ಲರೂ ಒಟ್ಟಿಗೆ ತಿನ್ನುತ್ತೇವೆ. ದೂರದಲ್ಲಿರುವವರ ಪಾಲನ್ನೂ ಬಿಡುವುದಿಲ್ಲ. ನನ್ನ ಅಮ್ಮ ಮುಂಬಯಿಯಲ್ಲಿದ್ದ ಮಾವನಿಗೆ ಪ್ರತಿ ವರ್ಷ ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ತೆನೆಯ ಲೆಕ್ಕದಲ್ಲಿ ಹೆಸರಿದ್ದವರು ಎಲ್ಲಿದ್ದರೂ ಮನೆಯವರು.

ಈ ಕಡೆಯ ಹಿಂದೂಗಳ ಮನೆಗಳಲ್ಲೂ ಹೊಸ ಅಕ್ಕಿ ಊಟ ಇದೆಯಲ್ಲ, ಹಾಗಾಗಿ ನಮ್ಮ ಕೋಣೆಯವರಿಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಾನು ಖುಷಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಮೂರು ತಿಂಗಳಲ್ಲಿ ಆ ಕೋಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

"ಹೇಳಿ, ಯಾರ ಮನೆಯಲ್ಲಿ ಎಷ್ಟು ಜನ?"

"ನಾನೊಂದು, ನನ್ನ ಬೆಕ್ಕೊಂದು," ಎಂದಳು ಪದ್ಮಕ್ಕ.

"ಬೆಕ್ಕಿಗೆ ತೆನೆ ಇಲ್ಲ."

"ಅದಕ್ಕೆ ಬೇಜಾರಾಗ್ತದೆ ಬಾಯಮ್ಮ, ನಾನು ಹೇಳುದಿಲ್ಲ, ನೀವೇ ಹೇಳಿ."

ಎಲ್ಲ ನಕ್ಕರು. ಆ ನಗುವಿನಲ್ಲೇ ನಾನು ಬಾಗಿಲ ಕಡೆ ತಿರುಗಿ, "ಪೂವಪ್ಪಣ್ಣ, ನಿಮ್ಮದು?" ಎಂದೆ.

"ಎರಡು."

"ನೀವು ಒಬ್ಬರೇ ಅಲ್ವಾ? ಎರಡು ಎಂತಕ್ಕೆ? ನೀವೂ ಬೆಕ್ಕು ಸಾಕಿದ್ದೀರಾ?"

ಕೋಣೆಯಿಡೀ ನಕ್ಕಿತು. ನಾನೂ ನಕ್ಕು ಪುಸ್ತಕದಲ್ಲಿ ಒಂದು ಎಂದು ಬರೆದೆ. ಪೂವಪ್ಪಣ್ಣ ನಗಲಿಲ್ಲ. ಬಿಚ್ಚಿದ್ದ ಕೊಡೆಯ ಕಡ್ಡಿಗೆ ನೂಲು ಕಟ್ಟಿ ಮುಗಿಸಿದರು. "ಹೌದು, ಒಂದೇ," ಎಂದರು. ಪೆಟ್ಟಿಗೆ ಮುಚ್ಚಿದರು. ಚಾ ಗ್ಲಾಸು ತೊಳೆದಿಟ್ಟು ಹೋದರು.

ಶುಕ್ರವಾರ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಜ್ವರ ಇರಬೇಕು ಎಂದೆ ನಾನು. ಪದ್ಮಕ್ಕ ಬೀಡಿ ಕಟ್ಟುವುದನ್ನು ನಿಲ್ಲಿಸಿದಳು. ಅದು ಅಪರೂಪ.

"ಬಾಯಮ್ಮ, ಕೇಳುದಿಲ್ಲ ಕೇಳುದಿಲ್ಲ ಅಂತ ಮೂರು ತಿಂಗಳು ದೊಡ್ಡಸ್ತಿಕೆ ಮಾಡಿದ್ರಿ. ಕೇಳಿದ ದಿನ ಉತ್ರ ಕೇಳ್ಲಿಕ್ಕೆ ನಿಮ್ಗೆ ಪುರುಸೊತ್ತಿಲ್ಲ. ಆ ಮನುಷ್ಯ ಎರಡು ಅಂದದ್ದು ಸುಮ್ಮನೆ ಅಲ್ಲ."

"ನೀನೂ ನಗಾಡಿದೆಯಲ್ಲ?"

"ನಗಾಡಿದೆ. ಅದಕ್ಕೇ ಎರಡು ದಿನದಿಂದ ನಂಗೆ ಗಂಜಿ ಸೇರುದಿಲ್ಲ."

ಹಬ್ಬದ ದಿನ ಪೂಜೆಯಲ್ಲಿ ನನ್ನ ಬಾಯಲ್ಲಿ ಹಾಡು ಬರಲಿಲ್ಲ. ನಮ್ಮ ಕೋಣೆಯ ತೆನೆಗಳು ನನ್ನ ಕೈಯಲ್ಲೇ ಇದ್ದವು. ದೇವರ ಎದುರು ಕೂತು ನಾನು ಎಣಿಸುತ್ತಿದ್ದೆ. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ. ಕೊನೆಗೆ ನನ್ನ ಪಾಲಿನದನ್ನು ಆ ಗುಂಪಿಗೆ ಸೇರಿಸಿ, ಅಲ್ಲಿಂದ ನೇರ ಲೈನ್ ಮನೆಗೆ ಹೋದೆ.

ಪೂವಪ್ಪಣ್ಣ ಬಾಗಿಲಲ್ಲೇ ಕೂತಿದ್ದರು. ಜ್ವರ ಗಿರ ಏನೂ ಇರಲಿಲ್ಲ. ನಾನು ಎರಡು ತೆನೆ ಮುಂದೆ ಹಿಡಿದೆ.

"ತಪ್ಪಾಯ್ತು ಪೂವಪ್ಪಣ್ಣ. ನಾನು ಕೇಳಿ, ನಾನೇ ಉತ್ರ ಬರೆದೆ."

ತೆಗೆದುಕೊಂಡರು. ತೆನೆಯ ಮುಳ್ಳನ್ನು ಬೆರಳಲ್ಲಿ ಸವರಿದರು. ಆಮೇಲೆ ಹೇಳಿದರು, "ನಂಗೆ ಒಬ್ಬ ತಮ್ಮ ಇದ್ದಾನೆ ಬಾಯಮ್ಮ. ಸೋಮಯ್ಯ. ತಲೆ ಸರಿ ಇಲ್ಲ. ಪುತ್ತೂರಲ್ಲಿ, ನಿಮ್ಮ ಸಿಸ್ಟರ್‌ಗಳ ಆಶ್ರಮದಲ್ಲಿ ಬಿಟ್ಟದ್ದು."

"ಹೋಗಿ ನೋಡಿ ಎಷ್ಟು ದಿನ ಆಯ್ತು?"

"ಬಿಟ್ಟ ಮೇಲೆ ಹೋಗ್ಲೇ ಇಲ್ಲ. ಒಂಬತ್ತು ವರ್ಷ."

ನನ್ನ ಬಾಯಿಗೆ ಬಂದದ್ದನ್ನು ಈ ಸಲ ನುಂಗಿದೆ.

"ಅಮ್ಮ ಇರುವಾಗ ಹೊಸ ಅಕ್ಕಿ ಊಟಕ್ಕೆ ನಾವಿಬ್ಬರೂ ಬಂದು ಕೂರದೆ ಬಡಿಸ್ತಾ ಇರ್ಲಿಲ್ಲ. ಅವನನ್ನು ಬಿಟ್ಟ ಮೇಲೆ ನಾನು ಹೊಸ ಅಕ್ಕಿ ತಿಂದೇ ಇಲ್ಲ. ನೀವು ಮೊನ್ನೆ ಎಷ್ಟು ಜನ ಅಂತ ಕೇಳಿದ್ರಲ್ಲ. ಬಾಯಲ್ಲಿ ಎರಡು ಅಂತ ಬಂತು. ನಾನು ಯೋಚನೆ ಮಾಡಿ ಹೇಳಿದ್ದಲ್ಲ."

"ಹಾಗಾದರೆ ನಾಳೆಯೇ ಹೋಗುವ."

"ಬೇಡ."

"ಯಾಕೆ?"

"ಮನೆಗೆ ಹೋಗುವ ಅಂತ ಅವ ಕೇಳಿದ್ರೆ ಎಂತ ಹೇಳುದು? ಮನೆ ಎಲ್ಲುಂಟು ಬಾಯಮ್ಮ? ಅಮ್ಮ ಹೋದ ಮೇಲೆ ಅದೂ ಹೋಯ್ತು. ಈ ರೂಮಲ್ಲಿ ಅವನನ್ನು ಬಿಟ್ಟು ನಾನು ಕೆಲಸಕ್ಕೆ ಹೋದ್ರೆ ಸಂಜೆಗೆ ಅವ ರೋಡಲ್ಲಿ ಇರ್ತಾನೆ. ಕೇಳಿದ್ರೆ ಇಲ್ಲ ಅಂತ ಹೇಳ್ಬೇಕು. ಅದನ್ನು ಅವನ ಮುಖ ನೋಡಿ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ನನ್ನ ಅಮ್ಮನ ಅಂಚೆಯ ಕತೆ ಹೇಳಿದೆ. ಕಾಳನ್ನು ಕವರಿನಲ್ಲಿ ಹಾಕಿ ಕಳಿಸಬಹುದು, ಸಿಸ್ಟರ್ ಕೊಡುತ್ತಾರೆ, ಅದೂ ಒಂದು ಲೆಕ್ಕವೇ ಎಂದೆ. ಆಗಲಿ ಎಂದು ತಲೆಯಾಡಿಸಿದರು. ನಾನು ಮನೆಗೆ ಬಂದೆ.

ಬುಧವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯಲು ಹೋದರೆ ಪೂವಪ್ಪಣ್ಣ ಹೊರಗೆ ನಿಂತಿದ್ದಾರೆ. ಇಸ್ತ್ರಿ ಹಾಕಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ತೆನೆ.

"ಪೋಸ್ಟಲ್ಲಿ ಬೇಡ," ಎಂದರು. "ಅವನಿಗೆ ಕವರ್ ಒಡೀಲಿಕ್ಕೆ ಗೊತ್ತಾಗುದಿಲ್ಲ. ನೀವು ಒಟ್ಟಿಗೆ ಬರ್ತೀರಾ?"

ಕೀಲಿಕೈಯನ್ನು ಪದ್ಮಕ್ಕನ ಕೈಯಲ್ಲಿಟ್ಟೆ. "ಹೋಗಿ ಹೋಗಿ," ಎಂದಳು, "ಇವತ್ತಾದ್ರೂ ಇಲ್ಲಿಯವರು ಒಂದು ಒಳ್ಳೆ ಚಾ ಕುಡೀಲಿ."

ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಬಸ್ಸಿನ ಟಾರ್ಪಾಲು ಇಳಿಸಿದ್ದರಿಂದ ಒಳಗೆ ಕತ್ತಲೆ. ಪೂವಪ್ಪಣ್ಣ ಮೊಣಕಾಲ ಮೇಲೆ ಆ ಪೊಟ್ಟಣ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅರ್ಧ ದಾರಿಯಲ್ಲಿ ಕಾವು ಎಂಬ ಊರು ಬಂದಾಗ ಇದ್ದಕ್ಕಿದ್ದಂತೆ ಎದ್ದು ಇಳಿದುಬಿಟ್ಟರು! ನಾನು ಚೀಲ, ಕೊಡೆ ಎಲ್ಲ ಒಟ್ಟು ಮಾಡಿಕೊಂಡು ಹಿಂದೆಯೇ ಇಳಿಯಬೇಕಾದರೆ ಕಂಡಕ್ಟರ್ ಬೈದ. "ಪುತ್ತೂರಿಗೆ ಟಿಕೆಟ್ ತೆಗ್ದು ಕಾವಿನಲ್ಲಿ ಇಳಿಯುದಾ? ಎಂತ ಜನ ಮಾರಾಯ್ರೆ ನೀವು!"

ಹೋಟೆಲಿನ ಬೆಂಚಿನಲ್ಲಿ ಕೂತೆವು. ಚಾ ಬಂತು, ತಣಿಯಿತು.

"ಅವನನ್ನು ಬಿಡುವಾಗ ನಾಳೆ ಬರ್ತೇನೆ ಅಂತ ಹೇಳಿದ್ದು," ಎಂದರು. "ಗೇಟಿನ ಸರಳು ಹಿಡ್ಕೊಂಡು ನಿಂತಿದ್ದ. ಎಷ್ಟು ಗಂಟೆಗೆ ಅಂತ ಕೇಳಿದ. ಹತ್ತು ಗಂಟೆಗೆ ಅಂದೆ."

ಉಪದೇಶ ಮಾಡಲಿಕ್ಕೆ ನಾನೇನು ಫಾದರಾ? "ಬೈದರೆ ಬೈಸಿಕೊಳ್ಳುವ ಪೂವಪ್ಪಣ್ಣ," ಎಂದೆ. "ಅಳುವುದಾದರೆ ಅಳುವ. ಅವನು ಹೊಡೆದರೆ ನಾನು ನಡುವೆ ನಿಲ್ತೇನೆ, ನನ್ನ ಮೈಯಲ್ಲಿ ಜಾಗ ಬೇಕಾದಷ್ಟು ಉಂಟು. ಆದರೆ ಈಗ ಹಿಂದೆ ಹೋದರೆ ನೀವು ಇನ್ನು ಈ ಬಸ್ಸು ಹತ್ತುದಿಲ್ಲ. ಅದು ನಿಮಗೂ ಗೊತ್ತುಂಟು."

ತಣಿದ ಚಾವನ್ನು ಒಂದೇ ಗುಟುಕಿಗೆ ಕುಡಿದರು. ಮುಂದಿನ ಬಸ್ಸಿಗೆ ಅವರೇ ಕೈ ಅಡ್ಡ ಹಿಡಿದರು.

ಆಶ್ರಮದಲ್ಲಿ ಸಿಸ್ಟರ್ ನಮ್ಮನ್ನು ವರಾಂಡದ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದರು. ಯಾಕೆ ಇಷ್ಟು ವರ್ಷ ಬರಲಿಲ್ಲ ಎಂದು ಅವರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒದ್ದೆ ಕೈಯನ್ನು ಅಂಗಿಗೆ ಒರೆಸುತ್ತಾ ಒಬ್ಬರು ಬಂದರು. ಸಣ್ಣಗೆ ಕತ್ತರಿಸಿದ ಬಿಳಿ ಕೂದಲು, ಸ್ವಲ್ಪ ಹೊಟ್ಟೆ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಬೆಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿದರು. ಪೂವಪ್ಪಣ್ಣ ಏಳಲಿಕ್ಕೆ ಹೋಗಿ ಮತ್ತೆ ಕೂತರು.

"ಅಣ್ಣ," ಎಂದರು ಸೋಮಯ್ಯ. "ನಿನ್ನ ಹಲ್ಲು ಎಲ್ಲಿ?"

"ಬಿತ್ತು."

"ಎಷ್ಟು?"

"ನಾಲ್ಕು."

"ನನ್ನದು ಎಲ್ಲ ಉಂಟು." ಬಾಯಿ ಅಗಲಿಸಿ ತೋರಿಸಿದರು. ನನಗೂ ತೋರಿಸಿದರು.

ಪೂವಪ್ಪಣ್ಣ ಪೊಟ್ಟಣ ಬಿಚ್ಚಿದರು. ಎರಡು ಕಾಳು ಕೆಳಗೆ ಬಿದ್ದವು. ಸೋಮಯ್ಯ ಬಗ್ಗಿ ಹೆಕ್ಕಿಕೊಟ್ಟರು. ಸಿಸ್ಟರ್ ಎರಡು ಲೋಟ ಹಾಲು ತಂದರು. ಅಣ್ಣ ಕಾಳು ಸುಲಿದು ಎರಡಕ್ಕೂ ಹಾಕಿದರು. ಇಬ್ಬರೂ ಕುಡಿದರು. ಹೆಂಚಿನಿಂದ ನೀರು ಇಳಿಯುತ್ತಿತ್ತು. ನಾನು ಎದೆಯೊಳಗೇ ಜಪ ಮಾಡುತ್ತಿದ್ದೆ. ಮನೆಗೆ ಹೋಗುವ ಎಂಬ ಆ ಪ್ರಶ್ನೆ ಬಾರದಿರಲಿ, ಬಂದರೆ ಈ ಮನುಷ್ಯನಿಗೆ ಒಂದು ಉತ್ತರ ಕೊಡು ದೇವರೇ.

ಸೋಮಯ್ಯ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಮನೆಯಲ್ಲಿ ಯಾರುಂಟು?"

ಪೂವಪ್ಪಣ್ಣ ತಮ್ಮ ಲೋಟವನ್ನೂ ಕೆಳಗಿಟ್ಟರು. "ಯಾರೂ ಇಲ್ಲ. ಅಮ್ಮ ಇಲ್ಲ. ಮನೆಯೂ ಇಲ್ಲ ಸೋಮು. ನಾನು ಒಂದು ಬಾಡಿಗೆ ರೂಮಲ್ಲಿ ಇರುದು."

"ಒಬ್ಬನೇಯಾ?"

"ಒಬ್ಬನೇ."

"ಹೆದರಿಕೆ ಆಗುದಿಲ್ವಾ?"

ಅಣ್ಣ ಸುಳ್ಳು ಹೇಳಲಿಲ್ಲ. "ಆಗ್ತದೆ," ಎಂದರು.

ಸೋಮಯ್ಯ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ಅಣ್ಣನ ಹತ್ತಿರ ಸರಿದು ಕೂತು, ಧ್ವನಿ ತಗ್ಗಿಸಿದರು.

"ನನ್ನ ಹತ್ರದ ಮಂಚ ಖಾಲಿ ಉಂಟು. ಸಿಸ್ಟರಲ್ಲಿ ನಾನು ಕೇಳ್ತೇನೆ. ನೀನು ತರಕಾರಿ ಕೊಯ್ದು ಕೊಟ್ರೆ ಇಟ್ಕೊಳ್ತಾರೆ. ಒಳ್ಳೆ ಜನ. ಹೆದರ್ಬೇಡ."

ನಾನು ಎದ್ದು ವರಾಂಡದ ಆ ಕೊನೆಗೆ ಹೋಗಿ ಅಂಗಳದ ಬಾಳೆಗಿಡಗಳನ್ನು ನೋಡುತ್ತಾ ನಿಂತೆ. ಹಿಂದೆ ಒಬ್ಬ ಮನುಷ್ಯ ಅಳುತ್ತಿದ್ದ, ಇನ್ನೊಬ್ಬ, "ಸಿಸ್ಟರಲ್ಲಿ ಈಗ್ಲೇ ಕೇಳ್ಬೇಕಾ? ಈಗ ಕೇಳ್ಬೇಕಾ?" ಎನ್ನುತ್ತಿದ್ದ.

ಹೊರಡುವಾಗ ಪೂವಪ್ಪಣ್ಣ ನಾಳೆ ಎಂದು ಹೇಳಲಿಲ್ಲ. "ಬರುವ ಬುಧವಾರ," ಎಂದರು. ಸೋಮಯ್ಯ ಗೇಟಿನವರೆಗೂ ಬರಲಿಲ್ಲ. ಮಧ್ಯಾಹ್ನದ ಸಾಂಬಾರಿಗೆ ತರಕಾರಿ ಬಾಕಿ ಇದೆ ಎಂದು ಒಳಗೆ ಹೋದರು.

ಮುಂದಿನ ಬುಧವಾರ ಬಾಗಿಲ ಹತ್ತಿರದ ಕುರ್ಚಿ ಖಾಲಿ ಇತ್ತು. ಏಳು ಗಂಟೆಯ ಬಸ್ಸಿಗೆ ಹೋದದ್ದನ್ನು ತಾನು ಕಣ್ಣಾರೆ ನೋಡಿದ್ದೇನೆ ಎಂದು ಪದ್ಮಕ್ಕ ಎಲ್ಲರಿಗೂ ಎರಡೆರಡು ಸಲ ಹೇಳಿದಳು. ಆದರೂ ಹತ್ತಾಗುತ್ತಲೇ ನಮಗಿಬ್ಬರಿಗೂ ಕೆಲಸದಲ್ಲಿ ಮನಸ್ಸಿಲ್ಲ. ನಾನು ಒಂದು ರವಿಕೆಯ ತೋಳನ್ನು ತಿರುವುಮುರುವಾಗಿ ಹೊಲಿದೆ. ಗಂಜಿಯ ಹೊತ್ತಿಗೆ ಪೂವಪ್ಪಣ್ಣ ಬಂದರು. ಮುಖ ಕೆಂಪಗಿತ್ತು. ಕೊಡೆಯನ್ನು ಮೂಲೆಗೆ ಎಸೆದು, ಬಾಗಿಲ ಹತ್ತಿರ ಅಲ್ಲ, ನೇರ ನಡುವಿನ ಕುರ್ಚಿಗೆ ಬಂದು ಕೂತರು.

"ಎಂತ ಆಯ್ತು?" ಎಂದು ನಾನು ಕೇಳಿದೆ. ಈ ಸಲ ಉತ್ತರಕ್ಕೆ ಕಾದೆ.

"ಎಂತ ಆಗುದು! ನನ್ನ ತಮ್ಮನಿಗೆ ಭಾರೀ ಅಹಂಕಾರ ಬಂದಿದೆ ಬಾಯಮ್ಮ. ಅಷ್ಟು ದೂರ ಹೋದ್ರೆ ಎರಡು ನಿಮಿಷ ಕೂರ್ಲಿಲ್ಲ. ಬುಧವಾರ ಬಟ್ಟೆ ಒಗೆಯುವ ದಿನ ಅಂತೆ, ಅಷ್ಟೂ ಗೊತ್ತಾಗುದಿಲ್ವಾ ನಿಂಗೆ, ಶನಿವಾರ ಬಾ, ಬರುವಾಗ ಬಾಳೆಹಣ್ಣು ತಾ ಅಂತ ಬೈದು ಕಳಿಸಿದ. ನಂಗೇ ಬೈಯುದು! ನನ್ನಿಂದ ಎಂಟು ವರ್ಷ ಸಣ್ಣವ!"

ಅದನ್ನು ಅವರು ಆ ದಿನ ಬಂದವರಿಗೆಲ್ಲ ಹೇಳಿದರು. ಚಾ ಕುಡಿಯಲು ಬಂದವರಿಗೆ, ಮಳೆಗೆ ನಿಂತವರಿಗೆ, ಬಸ್ಸು ತಪ್ಪಿದ ಒಬ್ಬ ಮಲೆಯಾಳಿಗೂ ಹೇಳಿದರು. ಅವನಿಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ನನ್ನ ತಮ್ಮ ಹಾಗೆ, ನನ್ನ ತಮ್ಮ ಹೀಗೆ. ಮೂರು ತಿಂಗಳ ಮಾತನ್ನು ಆ ಮನುಷ್ಯ ಒಂದೇ ಮಧ್ಯಾಹ್ನ ಆಡಿ ಮುಗಿಸಿದರು. ಸಾಯಂಕಾಲ ಪದ್ಮಕ್ಕ ಮೊರವನ್ನು ಕೆಳಗಿಟ್ಟು, "ಬಾಯಮ್ಮ, ಇವರನ್ನು ಒಮ್ಮೆ ಸುಮ್ಮನೆ ಕೂರಿಸಿ ಮಾರಾಯ್ರೆ, ನನ್ನ ತಲೆ ಹಾಳಾಯ್ತು," ಎಂದಳು.

ನಿಮ್ಮಲ್ಲಿ ಯಾರಾದರೂ ವರ್ಷಗಟ್ಟಲೆ ಹೆದರಿ ಹೋಗದೆ ಉಳಿದ ಒಂದು ಬಾಗಿಲಿಗೆ ಕೊನೆಗೂ ಹೋದವರಿದ್ದರೆ, ಒಳಗಿನಿಂದ ಮೊದಲು ಬಂದ ಮಾತು ಏನಾಗಿತ್ತು ಎಂದು ಕೆಳಗೆ ಬರೆಯಿರಿ. ಬೈಗುಳವಾಗಿದ್ದರೆ ಬೈಗುಳವನ್ನೇ ಬರೆಯಿರಿ. ಎಲ್ಲವನ್ನೂ ಓದುತ್ತೇನೆ. ನಿಮ್ಮ ಮಾತಿನ ನಡುವೆ ಬಾಯಿ ಹಾಕುವುದಿಲ್ಲ.